ಮಾವ ನಿಂತ ಜಾಗ

ಕೊಪ್ಪಳದ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ ಪಾಠ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಕುಷ್ಟಗಿಯ ಕಳಕಮ್ಮನಿಗೆ ದಿನ ಶುರುವಾಗುತ್ತಿದ್ದದ್ದೇ ಆಗ. ಬೆಳಗಿನಿಂದ ಆಗಿನ ಸರ್ಕಾರದ ಭಾಷೆಯಾದ ಉರ್ದುವಿನ ಅಕ್ಷರಗಳೊಂದಿಗೆ ಗುದ್ದಾಡಿ ಬೇಸತ್ತ ಹುಡುಗಿ, ಗಂಟೆ ಬಾರಿಸಿದ್ದೇ ತಡ, ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ಬಿದ್ದೋಡುತ್ತಿದ್ದಳು. ಅಲ್ಲಿ ಡ್ರಿಲ್ಲು, ಲೇಜಿಮು, ಕೋಲಾಟ, ಬಲೆಯಾಚೆ ಚೆಂಡೆಸೆಯುವ ಆಟ. ಶನಿವಾರ ನಾಟಕದ ತಾಲೀಮು. ಇದನ್ನೆಲ್ಲ ನಡೆಸುತ್ತಿದ್ದವರು ಸ್ಕಾಟ್‌ಲೆಂಡಿನಿಂದ ಬಂದ ದೊರೆಸಾನಿ. ಬಳ್ಳಾರಿಯಲ್ಲಿ ಕನ್ನಡ ಕಲಿತ ಅವರು ಸಿಟ್ಟು ನೆತ್ತಿಗೇರಿದಾಗ ಮಾತ್ರ ತಮ್ಮ ಭಾಷೆಗೆ ಮರಳುತ್ತಿದ್ದರು.

ಆ ವರ್ಷ ಅವರು ಹೊಸಪೇಟೆಯ ಶಾಲೆಯೊಂದಿಗಿನ ಪಂದ್ಯದ ರಿಲೇ ಓಟಕ್ಕೆ ನಾಲ್ವರನ್ನು ಆರಿಸಿದ್ದರು. ಊರಿನವಳೇ ಆದ ಹಜರತಬೀ, ಗಂಗಾವತಿ ಕಡೆಯ ತೆಲುಗು ಹುಡುಗಿ ಪಾರಮ್ಮ, ಯುದ್ಧಕ್ಕೆ ಹೆದರಿ ರಂಗೂನು ಬಿಟ್ಟುಬಂದ ಮನೆಯ ಒಬ್ಬ ತಮಿಳು ಹುಡುಗಿ, ಕೊನೆಗೆ ಕಳಕಮ್ಮ. ಒಬ್ಬಳ ಕೈಯ ಕೋಲು ಇನ್ನೊಬ್ಬಳ ಕೈಗೆ ಬರುವಾಗ ಕೆಳಗೆ ಬಿದ್ದರೆ ನಾಲ್ಕು ಭಾಷೆಗಳಲ್ಲಿ ಜಗಳ ಏಳುತ್ತಿತ್ತು. ಬೈಗುಳ ಮಾತ್ರ ಎಲ್ಲರಿಗೂ ಚೆನ್ನಾಗಿ ತಿಳಿಯುತ್ತಿತ್ತು.

ಇಷ್ಟು ಸುಖದ ನಡುವೆ ಒಂದೇ ಒಂದು ಮುಳ್ಳು. ಕಳಕಮ್ಮನ ಸೋದರಮಾವ, ಇರಕಲ್ಲಗಡದ ಕೊಟ್ರಪ್ಪ, ತನ್ನ ಮಗನಿಗೆ ಅವಳನ್ನು ಗೊತ್ತುಮಾಡಿದ್ದ. ಮಿಡಲ್ ಪರೀಕ್ಷೆ ಮುಗಿಯಲಿ ಎಂದು ಅವಳ ತಾಯಿ ವಿರೂಪಾಕ್ಷಮ್ಮ ಹೇಳುತ್ತಲೇ ಇದ್ದಳು. ಗಂಡ ಸತ್ತ ಮೇಲೆ ಕಾಳಿನ ಅಂಗಡಿಯನ್ನು ಒಬ್ಬಳೇ ನಡೆಸಿದ ಹೆಂಗಸು, ಎದುರಿಗೆ ಬಂದ ಯಾವ ದಲಾಲಿಗೂ ಬಗ್ಗಿದವಳಲ್ಲ. ಅಣ್ಣನ ಮುಂದೆ ಮಾತ್ರ ಬಾಯಿ ಕಟ್ಟುತ್ತಿತ್ತು. ಮಿಡಲಿಗೆ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ, ಪಂದ್ಯದ ದಿನ ಬಂದು ಹುಡುಗಿಯನ್ನು ಕರೆದೊಯ್ಯುತ್ತೇನೆ, ವೈಶಾಖದಲ್ಲಿ ಮದುವೆ ಎಂದು ಕೊಟ್ರಪ್ಪ ಹೇಳಿಕಳಿಸಿದ್ದ.

ಕಳಕಮ್ಮನಿಗೆ ಅಳು ಬಂತು, ಅತ್ತಳು. ಗಂಡನ ಮನೆಯ ಮೇಲೆ ಅವಳಿಗೆ ಹಗೆಯಿರಲಿಲ್ಲ. ಆದರೆ ಆ ಮನೆಯಲ್ಲಿ ಹೆಣ್ಣು ಓಡುವುದೆಂದರೆ ಹಗ್ಗ ಕಿತ್ತ ಕರುವಿನ ಹಿಂದೆ ಮಾತ್ರ.

"ಗೆದ್ದು ತೋರ್ಸು," ಅಂದಳು ಹಜರತಬೀ. "ಗೆದ್ದಾಕಿನ್ನ ಯಾರು ಕರಕೊಂಡು ಹೋಗ್ತಾರ? ದೊರೆಸಾನಿ ಬಿಡಂಗಿಲ್ಲ."

ಮುಳುಗುವವಳಿಗೆ ಇಷ್ಟು ಆಸರೆ ಸಾಕಾಯಿತು.

ಪಂದ್ಯದ ದಿನ ಹೊಸಪೇಟೆಯ ಹುಡುಗಿಯರು ರೈಲಿನಲ್ಲಿ ಬಂದಿಳಿದರು. ಕೊಟ್ರಪ್ಪನ ಬಂಡಿಯೂ ಬಂತು. ಎಲ್ಲರೂ ಮೈದಾನದ ಬದಿಯ ನೆರಳಿನಲ್ಲಿ ಕೂತರೆ ಅವನೊಬ್ಬ, ರುಮಾಲು ಸುತ್ತಿಕೊಂಡು, ಓಟ ಮುಗಿಯುವಲ್ಲಿ ಅಡ್ಡ ಹಿಡಿದಿದ್ದ ಕೆಂಪು ದಾರದ ಪಕ್ಕಕ್ಕೇ ಹೋಗಿ ನಿಂತ. ದಾರ ಯಾಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾರಹುಣ್ಣಿಮೆಯ ಸಂಜೆ ಊರ ಅಗಸಿ ಬಾಗಿಲಿಗೆ ಕರಿಯೆಂಬ ಬೇವಿನ ತೊಪ್ಪಲಿನ ಹಗ್ಗ ಕಟ್ಟಿ ಎತ್ತು ಓಡಿಸುವ, ಅದನ್ನು ಮೊದಲು ಕಿತ್ತು ದಾಟಿದ ಎತ್ತು ಕರಿ ಹರಿಯಿತೆಂದು ಕುಣಿಯುವ ಮಂದಿ ಅವನ ಊರವರು. ಅವನ ಎತ್ತುಗಳು ಇರಕಲ್ಲಗಡದಲ್ಲಿ ಎಷ್ಟೋ ಸಲ ಕರಿ ಹರಿದಿದ್ದವು. ಆ ಸೊಕ್ಕು ಅವನ ಮೀಸೆಯಲ್ಲಿ ಕಾಣುತ್ತಿತ್ತು.

ಓಟ ಶುರುವಾಯಿತು. ಹಜರತಬೀ ಹಿಂದೆ ಬಿದ್ದಳು, ಪಾರಮ್ಮ ಸರಿದೂಗಿಸಿದಳು, ರಂಗೂನಿನ ಹುಡುಗಿ ಗಾಳಿಯಂತೆ ಬಂದು ಬೇವಿನಗಿಡದ ಬಳಿ ಕಳಕಮ್ಮನ ಕೈಗೆ ಕೋಲಿಟ್ಟಳು. ಕಳಕಮ್ಮ ಬಿಟ್ಟ ಬಾಣವಾದಳು. ಹೊಸಪೇಟೆಯ ಹುಡುಗಿ ನಾಲ್ಕು ಮಾರು ಹಿಂದುಳಿದಳು. ಗೆದ್ದೆ ಎಂದುಕೊಂಡೇ ಕಳಕಮ್ಮ ತಲೆ ಎತ್ತಿದಳು.

ಎದುರಿಗೆ ಮಾವ.

ಚಿಕ್ಕಂದಿನಲ್ಲಿ ಅವನ ಮೀಸೆ ಎಳೆದು ಆಡಿದವಳೇ. ಆದರೆ ಮದುವೆಯ ಮಾತು ಗೊತ್ತಾದಂದಿನಿಂದ ಅವನು ಗಂಡನ ತಂದೆ. ಅವನೆದುರು ತಲೆ ತೆರೆದು ನಿಲ್ಲುವಂತಿಲ್ಲ, ಅಡ್ಡ ದಾಟುವಂತಿಲ್ಲ. ಹಾಗೆಂದು ಅವಳೇನೂ ಯೋಚಿಸಲಿಲ್ಲ, ಕಾಲು ತಾನಾಗಿ ನಿಂತಿತು. ದಾರಕ್ಕೆ ಇನ್ನೆರಡು ಮಾರು ಇರುವಾಗ ಕಳಕಮ್ಮ ಕೋಲನ್ನು ಕಂಕುಳಲ್ಲಿ ಅವುಚಿ, ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದು, ಬದಿಗೆ ಸರಿದು ತಲೆ ತಗ್ಗಿಸಿ ನಿಂತುಬಿಟ್ಟಳು.

ದೊರೆಸಾನಿಯವರ ಬಾಯಿಂದ ಸ್ಕಾಟ್‌ಲೆಂಡಿನ ಮಾತು ಹೊರಟಿತು. ಆದರೆ ಅದನ್ನೂ ಮುಚ್ಚಿಹಾಕುವಂಥ ಗಂಟಲೊಂದು ಮೇಲೆದ್ದಿತು.

"ಕರಿ ಹರಿ, ಕಳಕವ್ವ! ಏನ್ ನಿಂತೀ, ಕರಿ ಹರಿ!"

ಮಾವ ರುಮಾಲು ಕೈಯಲ್ಲಿ ಹಿಡಿದು ಬೀಸುತ್ತಿದ್ದ. ಅವಳು ಬೆಚ್ಚಿ ಓಡಿದಳು. ಅಷ್ಟರಲ್ಲಿ ಹೊಸಪೇಟೆಯ ಹುಡುಗಿಯ ಎದೆಗೆ ದಾರ ಸುತ್ತಿಕೊಂಡಿತ್ತು.

ಪಾರಮ್ಮ ನೆಲಕ್ಕೆ ಕೂತು ಅತ್ತಳು. ಕಳಕಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗೆಳತಿಯರ ಗೆಲುವೂ ಹೋಯಿತು, ತನ್ನ ವರ್ಷವೂ ಹೋಯಿತು. ಕೊಟ್ರಪ್ಪ ಧೂಳೆಬ್ಬಿಸುತ್ತ ಬಂದ.

"ಗೆದ್ದಿದ್ಯಲ್ಲಬೇ. ಯಾಕ ನಿಂತಿ?"

ಮಾವ ಕೇಳಿದ್ದಕ್ಕೆ ಸೊಸೆಯ ಬದಲು ಪಕ್ಕದವರು ಉತ್ತರ ಕೊಡುವುದು ರೂಢಿ. ಹಜರತಬೀ ಬಾಯಿ ತೆರೆದಳು. ಕಳಕಮ್ಮ ಅವಳ ಕೈ ಹಿಡಿದು ತಡೆದಳು.

"ನೀವು ನಿಂತಿದ್ರಿ, ಮಾವಾ."

"ನಾ ನಿಂತ್ರ?"

"ಮುಸುಕು ಹಾಕ್ಕೊಂಡ್ರ ಓಡಾಕ ಬರೂದಿಲ್ರಿ. ಓಡಿದ್ರ ಮುಸುಕು ನಿಂದರೂದಿಲ್ಲ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ನನಗ ಓಡೂದು ಭಾಳ ಸೇರ್ತತಿ. ಇನ್ನೊಂದು ವರ್ಷ ಇರಬೇಕನಸ್ತತಿ."

ಕೊಟ್ರಪ್ಪ ಅವಳನ್ನು ನೋಡಿದ. ತಾನು ನಿಂತಿದ್ದ ಜಾಗವನ್ನು ನೋಡಿದ. ಕರಿ ಹರಿಯಲು ಬರುವ ಎತ್ತಿನ ಎದುರಿಗೆ ನಿಂತವನನ್ನು ತಾನೇ ಎಷ್ಟು ಸಲ ಬೈದು ಅಟ್ಟಿದ್ದನೋ. ಬಂಡಿಯ ಕಡೆ ನಡೆದುಬಿಟ್ಟ. ಎತ್ತು ಹೂಡಲು ಹೋದ ಎಂದುಕೊಂಡು ಕಳಕಮ್ಮ ತನ್ನ ಟ್ರಂಕು ತರಲು ತಿರುಗಿದಳು.

ಅವನು ತಿರುಗಿ ಬಂದಾಗ ಕೈಯಲ್ಲಿ ದಾರಿಯ ಬುತ್ತಿಯಿತ್ತು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಆ ಗಂಟನ್ನು ನಾಲ್ಕೂ ಹುಡುಗಿಯರ ನಡುವೆ ಇಟ್ಟ.

"ತಿನ್ರಿ. ಛಲೋ ಓಡಿದ್ರಿ." ಆಮೇಲೆ ದೊರೆಸಾನಿಯವರನ್ನು ಕೇಳಿದ, "ಬರೂ ವರ್ಷ ಇದು ಯಾವಾಗ ಐತ್ರಿ, ಅಮ್ಮಾರ?"

"ಇದೇ ತಿಂಗಳು," ಅಂದರು ಅವರು.

"ಆತ್ರಿ. ಮದಿವಿ ಮಿಡಲ್ ಆದ ಮ್ಯಾಲ. ನನ್ನ ತಂಗಿಗೆ ನಾನಽ ಹೇಳ್ತೀನಿ."

ಕಳಕಮ್ಮ ಅಳುತ್ತಲೇ ನಕ್ಕಳು. ಮಾವ ಅವಳ ಕಡೆ ನೋಡದೆ, ದೂರದ ಬೇವಿನಗಿಡದತ್ತ ಕೈ ತೋರಿಸಿದ.

"ಬರೂ ವರ್ಷ ನಾ ಅಲ್ಲಿ ನಿಂದರ್ತೀನಿ, ನೀ ಓಡಾಕ ಹೊಂಡೂ ಕಡೆ. ಹಿಂದ ತಿರುಗಿ ನೋಡಬ್ಯಾಡ."