ಕೆಳಗಿನಿಂದ ಬೆಲ್ ಬಂತು

ಬೇಡದ್ದು ಒಂದು ಚೂರೂ ಇರಕೂಡದು ಎಂಬುದು ಲಿಖಿತಳ ಹಟ. ತವರೂರು ಕ್ಯಾಸಂಬಳ್ಳಿಯ ಡೈರಿಯಲ್ಲಿ ಹಾಲಿನ ಫ್ಯಾಟು ಬರೆದಿಡುವ ಸಾಫ್ಟ್‌ವೇರು ಕ್ಲೌಡಿನ ಬಾಡಿಗೆ ಯಂತ್ರದಲ್ಲಿ ಓಡಬೇಕಿತ್ತು. ಅದಕ್ಕೆಂದೇ ಆ ಯಂತ್ರವನ್ನು ನಡೆಸುವ ಪುಟ್ಟದೊಂದು ಲಿನಕ್ಸ್ ಇಮೇಜನ್ನು ಎರಡು ವಾರ ಸೋಸಿ ಸೋಸಿ ಕಟ್ಟಿದ್ದಳು. ಲ್ಯಾಪ್‌ಟಾಪಿನಲ್ಲಿ ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಬೂಟ್ ಆಗಿ ಎದ್ದು ನಿಲ್ಲುತ್ತಿತ್ತು. ಕ್ಲೌಡಿಗೆ ಏರಿಸಿದರೆ ಪಿಟಕ್ಕೆನ್ನಲಿಲ್ಲ.

ನಾಲ್ಕೂವರೆಗೆ ಸಂಜೆಯ ಹಾಲು. ಡೈರಿಯ ಕಾರ್ಯದರ್ಶಿ ಮುನಿಸ್ವಾಮಪ್ಪ ಫೋನಿನಲ್ಲಿ ಹೇಳಿಯಾಗಿತ್ತು: “ಇವತ್ತಾಗ್ಲಿಲ್ಲ ಅಂದ್ರೆ ಅಳೇ ಪುಸ್ತಕಾನೇ ಇರ್ಲಿ ಬುಡಮ್ಮ. ನಮ್ಮೂರ ಮಗಳು ಅಂತ ನಿನ್ಗೆ ಕೊಟ್ಟಿದ್ದು.” ಆ ಕೊನೆಯ ಮಾತು ಅವಳಿಗೆ ಚುರುಕ್ಕೆಂದಿತ್ತು.

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಮನೆಯ ಜಗುಲಿಯಲ್ಲಿ ತಲೆ ಹಿಡಿದು ಕೂತವಳ ಮುಂದೆ, ಗಂಡನ ತಾತ ಸೆಲ್ವರಾಜ್ ಟೀ ಲೋಟ ತಂದಿಟ್ಟರು. ಗಣಿ ನಡೆಯುತ್ತಿದ್ದ ಕಾಲಕ್ಕೆ ಜನರನ್ನು ಇಳಿಸಿ ಹತ್ತಿಸುವ ಕೇಜಿನ ಇಂಜಿನ್ ಓಡಿಸುತ್ತಿದ್ದವರು ಅವರು.

“ಏನಮ್ಮಾ, ಏನಂತದೆ ನಿನ್ ಮಿಷಿನ್ನು?”

“ಏನೂ ಅನ್ನಲ್ಲ ತಾತ. ಎಲ್ಲೋ ದೂರದಾಗೈತೆ, ಕಾಣ್ಸಲ್ಲ.”

“ನಂಗೂ ಕೇಜು ಕಾಣ್ತಿರ್ಲಿಲ್ಲ. ಕೆಳಗಿಂದ ಬೆಲ್ ಒಡೀತಿದ್ರು, ಅದ್ರಾಗೇ ಎಲ್ಲಾ ಗೊತ್ತಾಗೋದು. ಬೆಲ್ ಬರ್ದೆ ನಾನು ಲಿವರ್ ಮುಟ್ಟಿದ್ದೇ ಇಲ್ಲ. ನಿಂದಕ್ಕೆ ಬೆಲ್ ಇಲ್ವಾ?”

ಲಿಖಿತಳಿಗೆ ನಾಚಿಕೆಯಾಯಿತು. ಬೆಲ್ ಇತ್ತು, ಬೂಟ್ ಆಗುವಾಗಿನ ಸಂದೇಶಗಳನ್ನು ಹೊರಗೆ ಕಳಿಸುವ ಒಂದೇ ಒಂದು ಸಾಲು. ಯಾರು ನೋಡುತ್ತಾರೆ ಎಂದು ಮೊದಲ ದಿನವೇ ಕಿತ್ತುಹಾಕಿದ್ದವಳು ಈ ಮಹಾರಾಯ್ತಿಯೇ. ಅದನ್ನು ಸೇರಿಸಿ, ಇಮೇಜನ್ನು ಮತ್ತೆ ಕಟ್ಟಿ ಏರಿಸಿದಳು. ಈ ಸಲ ಯಂತ್ರ ಬಾಯಿಬಿಟ್ಟಿತು: ಡಿಸ್ಕ್ ಸಿಗುತ್ತಿಲ್ಲ. ಸೋಸುವ ಭರದಲ್ಲಿ ತನ್ನ ಲ್ಯಾಪ್‌ಟಾಪಿನ ಭಾಗಗಳನ್ನು ಗುರುತು ಹಿಡಿಯುವ ಡ್ರೈವರುಗಳನ್ನಷ್ಟೇ ಉಳಿಸಿ, ಕ್ಲೌಡಿನ ಡಿಸ್ಕಿಗೆ ಬೇಕಾದದ್ದನ್ನು ಎಸೆದಿದ್ದಳು. ಅದನ್ನೂ ತುಂಬಿದಳು. ಜೊತೆಗೆ, ಯಾವ ಕೆಲಸಕ್ಕೂ ಬೇಡದ ಇನ್ನೊಂದು ಸಾಲನ್ನೂ ಬರೆದಳು.

ನಾಲ್ಕೂ ಇಪ್ಪತ್ತಕ್ಕೆ “ತಾತ, ಬನ್ನಿ” ಎಂದು ಕೂಗಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಹರಿದು ನಿಂತವು. ಸೆಲ್ವರಾಜ್ ಕನ್ನಡಕ ಏರಿಸಿ, ಕೊನೆಯ ಸಾಲನ್ನು ಅಕ್ಷರ ಕೂಡಿಸಿ ಓದಿದರು: ‘ಬೆಲ್ ಬಂತು. ಇಂಜಿನ್ ಡ್ಯೂಟಿಯಲ್ಲಿ ಸೆಲ್ವರಾಜ್.’

ನಾಲ್ಕೂವರೆ ದಾಟುತ್ತಲೇ ಮುನಿಸ್ವಾಮಪ್ಪನ ಫೋನು ಬಂತು. “ಮೊದಲ್ನೇ ಕ್ಯಾನಿನ ಲೆಕ್ಕ ಅತ್ತಿಸ್ದೆ ಕಣಮ್ಮ, ಫ್ಯಾಟು ಸರ್ಯಾಗ್ ಬಿತ್ತು.” ಲಿಖಿತಳ ಕಣ್ಣು ಸಂತೋಷಕ್ಕೆ ತುಂಬಿಕೊಂಡಿತು.

ಸೆಲ್ವರಾಜ್ ಇನ್ನೂ ಪರದೆಯನ್ನೇ ನೋಡುತ್ತಿದ್ದರು. “ಗಣಿ ಮುಚ್ಚಿದಾಗ ಡ್ಯೂಟಿ ಪಟ್ಟೀಲಿ ನನ್ನೆಸ್ರು ಒಡೆದಾಕಿದ್ರು. ತಿರುಗಾ ಡ್ಯೂಟಿಗೆ ಆಕ್ಬುಟ್ಯಾ?”

“ದಿನಾ ಎರಡು ಶಿಫ್ಟು ತಾತ, ಮಿಷಿನ್ನು ಎದ್ದಾಗೆಲ್ಲ. ಬೆಳಗಿನ ಹಾಲಿಗೊಂದು, ಸಂಜೆ ಹಾಲಿಗೊಂದು.”

ಮುದುಕ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತರು.