ರೊಟ್ಟಿ ಕಾಯುವವನು

"ಕೆಲಸ ಮಾಡದವನಿಗೆ ರೊಟ್ಟಿ ಯಾಕೆ? ಇದೇನು ಧರ್ಮಛತ್ರವಾ?" ಮ್ಯಾನೇಜರ್ ಶ್ಯಾಮಸುಂದರ್ ಮೇಜು ಕುಟ್ಟಿದ.

"ಹನ್ನೆರಡು ವರ್ಷ ಇಲ್ಲಿ ಹಿಟ್ಟಿನ ಚೀಲ ಹೊತ್ತದ್ದು ಯಾರು ಮಾರಾಯ? ನಿನ್ನ ಅಜ್ಜನಾ?" ಸದಾನಂದ ಹಿಟ್ಟು ಮೆತ್ತಿದ ಕೈಯನ್ನೇ ಬೀಸಿ ಕೂಗಿದ.

ಕೊಲ್ಲಿ ನಾಡಿನ ಫರ್ವಾನಿಯಾದ ಆ ಬೇಕರಿಯಲ್ಲಿ ಬೆಳಗಿನ ಮೊದಲ ಒಲೆಯ ಖುಬ್ಬೂಸ್ ರೊಟ್ಟಿ ಮಾರಾಟಕ್ಕಲ್ಲ. ಕೆಲಸದವರಿಗೆ ತಲಾ ಎರಡು. ಎರಡು ವಾರದ ಹಿಂದೆ ಉಮ್ಮರಬ್ಬನ ಸೊಂಟ ಹಿಡಿದುಕೊಂಡಿತ್ತು. ಅಂದಿನಿಂದ ಅವನು ಬಾಗಿಲ ಬಳಿ ಕೂತು ಕಾಗದದ ಚೀಲ ಮಡಚುತ್ತಿದ್ದ. ಇವತ್ತು ಅವನ ಪಾಲು ನಿಲ್ಲಿಸಬೇಕೆಂದು ಮ್ಯಾನೇಜರನ ಅಪ್ಪಣೆಯಾಗಿತ್ತು. ಉಮ್ಮರಬ್ಬ ಆಗಲೇ ತನ್ನ ಎರಡನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡಾಗಿತ್ತು.

ಸದಾನಂದನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಅವನಿಗೆ ಇನ್ನೊಂದು ಹುಚ್ಚೂ ಇತ್ತು. ಮೇಲಿನ ಮಹಡಿಯ ಇಂಗ್ಲಿಷ್ ಮೇಷ್ಟ್ರು ದೇಶ ಬಿಟ್ಟು ಹೋಗುವಾಗ ಮೆಟ್ಟಿಲಲ್ಲಿ ಇಟ್ಟುಹೋದ ದಪ್ಪ ನಿಘಂಟನ್ನು ಹಿಟ್ಟಿನ ಪಾತ್ರೆಯ ಮುಚ್ಚಳಕ್ಕೆ ಭಾರವಾಗಲೆಂದು ತಂದಿದ್ದ. ಹಿಟ್ಟು ಉಬ್ಬುವವರೆಗೆ ಮಾಡುವುದಾದರೂ ಏನು? ಊರ ಶಾಲೆಯ ಏಳನೇ ಕ್ಲಾಸಿನ ಇಂಗ್ಲಿಷಿನಲ್ಲಿ, ಬೆರಳಿಟ್ಟು ಓದಲು ಶುರುಮಾಡಿದ. ಒಂದು ಶಬ್ದದ ಬೇರು ಹಿಡಿದರೆ ಇನ್ನೊಂದು ಬರುತ್ತಿತ್ತು, ಗೆಣಸು ಅಗೆದ ಹಾಗೆ.

ಈಗ ಅದನ್ನೇ ಮೇಜಿನ ಮೇಲೆ ಧೊಪ್ಪೆಂದು ಹಾಕಿದ.

"ಲಾರ್ಡ್ ಅಂದ್ರೆ ಎಂತ ಗೊತ್ತುಂಟಾ? ಸಾವಿರ ವರ್ಷದ ಹಿಂದೆ ರೊಟ್ಟಿ ಕಾಯುವವ ಅಂತ. ಕಾಯುವವ! ಕಸಿಯುವವ ಅಲ್ಲ."

ಶ್ಯಾಮಸುಂದರ್ ಬಗ್ಗಿ ನೋಡಿದ. ಸಿಟ್ಟಿದ್ದರೂ ಕುತೂಹಲ ಬಿಡಲಿಲ್ಲ. "ಹೌದಾ? ಮತ್ತೆ ಲೇಡಿ?"

"ಹಿಟ್ಟು ನಾದುವವಳು."

"ಹಾಗಾದ್ರೆ ನೀನು ಲೇಡಿ ಸದಾನಂದ!"

ಒಲೆಯ ಮುಂದಿದ್ದ ಬೀರಾನ್ ಗೊಳ್ಳೆಂದು ನಕ್ಕ. ಸದಾನಂದನಿಗೂ ನಗು ಬಂತು. ಜಗಳ ಮುಗಿಯಿತೆಂದೇ ಅವನಿಗೆ ಅನಿಸಿತು.

"ತಿನ್ನುವವನಿಗೆ ಎಂತ ಹೇಳ್ತಾರೆ ಸದಾನಂದಣ್ಣ?" ಬಾಗಿಲ ಬಳಿಯಿಂದ ಉಮ್ಮರಬ್ಬ ಕೇಳಿದ. "ಅವನಿಗೆ ಹೆಸರಿಲ್ವಾ?"

ಸದಾನಂದನ ಬೆರಳು ನಿಂತಿತು. ಆ ಸಾಲನ್ನು ಅವನು ಮೊದಲೇ ಓದಿದ್ದ.

"ಉಂಟು," ಎಂದ ಮೆಲ್ಲಗೆ. "ರೊಟ್ಟಿ ತಿನ್ನುವವ ಅಂದ್ರೆ... ಆಳು."

"ಸರಿಯಾಗೇ ಬರೆದಿದ್ದಾರೆ," ಎಂದ ಶ್ಯಾಮಸುಂದರ್.

ಉಮ್ಮರಬ್ಬ ಕೈಯಲ್ಲಿದ್ದ ಕಾಗದದ ಚೀಲ ಬದಿಗಿಟ್ಟ. "ಒಂದೇ ರೊಟ್ಟಿಯಿಂದ ಮೂರು ಜನ ಹುಟ್ಟಿದ್ರಲ್ಲ! ಚಂದ ಉಂಟು." ಗೋಡೆ ಹಿಡಿದು ಎದ್ದ. ಬೈರಾಸು ಬಿಚ್ಚಿ ಎರಡೂ ಖುಬ್ಬೂಸನ್ನು ನಿಘಂಟಿನ ಮೇಲಿಟ್ಟ. "ಹಾಗಾದ್ರೆ ತಿನ್ನದವ ಆಳಲ್ಲ."

"ಏ ಉಮ್ಮರಬ್ಬಾ, ನಾನು ಹೇಳಿದ್ದು ಇವನಿಗೆ! ನಿನಗಲ್ಲ!" ಸದಾನಂದ ಕೂಗಿದ.

"ಗೊತ್ತುಂಟು. ಹವಲ್ಲಿಯಲ್ಲಿ ತಂಗಿಯ ಮಗ ನಿಸಾರ್ ಇದ್ದಾನೆ. ಅವನಲ್ಲಿಗೆ ಹೋಗ್ತೇನೆ."

ಗಾಜಿನ ಬಾಗಿಲು ತೆರೆಯಿತು, ಬಿಸಿಗಾಳಿ ಒಳಗೆ ಬಂತು, ಬಾಗಿಲು ಮುಚ್ಚಿತು.

ಮರುದಿನ ಸದಾನಂದ ಮೊದಲ ಒಲೆಯಿಂದ ಎರಡು ಖುಬ್ಬೂಸ್ ತೆಗೆದು ಬಟ್ಟೆಯಡಿ ಇಟ್ಟ. ಶ್ಯಾಮಸುಂದರ್ ಅದನ್ನು ನೋಡಿ ಲೆಕ್ಕದ ಪುಸ್ತಕ ತಿರುವಿದ. ಮಧ್ಯಾಹ್ನಕ್ಕೆ ಅವು ಹಪ್ಪಳವಾದವು. ಮಾರನೆಯ ದಿನವೂ ಇಟ್ಟ. ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿದ. ಬಂದವರೆಲ್ಲ ಗಿರಾಕಿಗಳೇ.