ವತ್ಸಮ್ಮನ ಟೀವಿಗೆ ಹೊಸ ಕಾರ್ಡು

ಪುತ್ತೂರಿನಿಂದ ಕೊಲ್ಲಮೊಗ್ರಿನ ಕಾಡಿನವರೆಗೆ, ನಾನು ಕೈಯಿಟ್ಟ ಮೇಲೂ ಏಳದ ಕಂಪ್ಯೂಟರ್ ಇನ್ನೂ ಹುಟ್ಟಿಲ್ಲ. ಸಿಡಿಲು ಹೊಡೆದು ಇದ್ದಿಲಾದವನ್ನೂ ಊದಿ ಎಬ್ಬಿಸಿದ್ದೇನೆ. ನರಿಮೊಗರಿನಲ್ಲಿ ಒಂದು ಮಿಷನ್ ನನ್ನ ಬೈಕಿನ ಸದ್ದಿಗೇ ಹೆದರಿ ತಾನಾಗಿ ಆನ್ ಆಗಿತ್ತು. ನಂಬದವರು ಹೋಗಿ ವಿಚಾರಿಸಬಹುದು; ಆ ಮಿಷನ್ ಮಾತ್ರ ಈಗ ಇಲ್ಲ.

ಹೀಗಿರುವಾಗ ನೆಲ್ಯಾಡಿ ಕಡೆಯ ವತ್ಸಮ್ಮನ ಮಗಳು ಡಿಂಪಲ್ ಕಡಬದ ನನ್ನ ಅಂಗಡಿಗೆ ಬಂದಳು. ಎರಡು ವರ್ಷದ ಹಿಂದೆ ಅವಳ ಅಪ್ಪ ತಂಬಿಚ್ಚಾಯ ತೀರಿಕೊಂಡಾಗ, ವತ್ಸಮ್ಮ ಸೊಂಟದ ಮೂಳೆ ಮುರಿದು ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರು ಕೇರಳದಿಂದ ಬಂದ ಕ್ರೈಸ್ತರು; ಅವರಲ್ಲಿ ಶವಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಸತ್ತವರಿಗೆ ಕೊನೆಯ ಮುತ್ತು ಕೊಡುವ ಕ್ರಮ. ವತ್ಸಮ್ಮನಿಗೆ ಅದು ಸಿಗಲಿಲ್ಲ. ಸಂಸ್ಕಾರದ ವಿಡಿಯೊ ಮನೆಯ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿತ್ತು. ನೋಡುವ ಧೈರ್ಯ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಕಣ್ಣು ಹೋಗತೊಡಗಿತು.

"ಡಾಕ್ಟ್ರು ಹೆಚ್ಚೆಂದ್ರೆ ಎರಡು ತಿಂಗಳು ಕಣ್ಣು ಕಾಣ್ಬಹುದು ಅಂದಿದ್ದಾರೆ ರಾಧಣ್ಣ," ಎಂದಳು ಡಿಂಪಲ್. "ಸಣ್ಣ ಸ್ಕ್ರೀನಲ್ಲಿ ಅಮ್ಮಚ್ಚಿಗೆ ಎಂತದೂ ಕಾಣುದಿಲ್ಲ. ದೊಡ್ಡ ಟೀವಿ ತಂದಿದ್ದೇವೆ. ಆದ್ರೆ ಕಂಪ್ಯೂಟರಿನ ವಯರು ಅದಕ್ಕೆ ಕೂರುದಿಲ್ಲ."

"ಟೀವಿಗೆ ಚಿತ್ರ ಕಳಿಸುವ ಹೊಸ ಗ್ರಾಫಿಕ್ಸ್ ಕಾರ್ಡು ಹಾಕುವ. ಅರ್ಧ ಗಂಟೆಯ ಕೆಲಸ. ಅಪ್ಪನ ಮೀಸೆಯ ಕೂದಲು ಒಂದೊಂದೇ ಎಣಿಸ್ಬಹುದು, ನೋಡು!"

ಕಂಪ್ಯೂಟರನ್ನು ಅಂಗಡಿಗೆ ತಂದೆ. ಕಾರ್ಡು ಬಂತು. ಮರಗೆಣಸಿನಷ್ಟು ಉದ್ದ; ಡಬ್ಬದೊಳಗೆ ಕೂರಲಿಲ್ಲ. ಗರಗಸ ಹಿಡಿದು ತಗಡು ಕೊಯ್ದೆ. ಕೂತಿತು, ಆದರೆ ಅದರ ಹಸಿವಿಗೆ ಹಳೇ ಪವರ್ ಸಪ್ಲೈ ಸಾಲಲಿಲ್ಲ. ಹೊಸದು ಬರಲು ಒಂಬತ್ತು ದಿನ. ಅದನ್ನೂ ಹಾಕಿದರೆ ಸ್ಕ್ರೀನು ಕಪ್ಪು. ಮಿಷನ್ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಎಷ್ಟು ಹಳತೆಂದರೆ, ಈ ಕಾರ್ಡು ಹುಟ್ಟುವ ಮೊದಲೇ ಮುದಿಯಾಗಿತ್ತು. ಇದನ್ನು ನಡೆಸುವ ಡ್ರೈವರ್ ಅದರಲ್ಲಿ ಇರಲಿಲ್ಲ. ಡ್ರೈವರ್ ಹಾಕಲು ಹೋದರೆ ಲಿನಕ್ಸನ್ನೇ ಬುಡದಿಂದ ಹೊಸತು ಮಾಡಬೇಕು. ಅರ್ಧ ಆಗುವಾಗ ಕರೆಂಟು ಹೋಗುವುದು, ಪುನಃ ಮೊದಲಿಂದ. ಡಿಂಪಲ್ ಫೋನು ಮಾಡಿದಾಗೆಲ್ಲ "ನಾಳೆ" ಎಂದೆ. ನನಗೆ ಬರುವುದಿಲ್ಲ ಎಂಬ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ.

ಐವತ್ತೆರಡನೆಯ ದಿನ ಸ್ಕ್ರೀನು ಬೆಳಗಿತು. ಪಕ್ಕದ ಮೊಬೈಲ್ ಅಂಗಡಿಯ ಉಸ್ಮಾನನ ಓಮ್ನಿಯಲ್ಲಿ ಹಾಕಿಕೊಂಡು ಹೊರಟೆವು.

ವತ್ಸಮ್ಮ ಇಸ್ತ್ರಿ ಮಾಡಿದ ಬಿಳಿ ಮುಂಡು, ಚಟ್ಟೆ ಎಂಬ ರವಿಕೆ ತೊಟ್ಟು, ಟೀವಿಯ ಎದುರು ಕುರ್ಚಿಯಲ್ಲಿ ಕೂತಿದ್ದರು. ವಯರು ಚುಚ್ಚಿ ವಿಡಿಯೊ ಬಿಟ್ಟೆ. ಅಂಗಳ, ಚಪ್ಪರ, ಬಿಳಿ ಹೂವು, ಪೆಟ್ಟಿಗೆ. ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟ ಚಿತ್ರ ನೋಡಿಲ್ಲ. ಸ್ವರ ಮಾತ್ರ ಇನ್ನೂ ಬಂದಿರಲಿಲ್ಲ.

"ಎಷ್ಟೊತ್ತಿಗೆ ಹಾಕುದು ಮೋನೆ?" ಎಂದು ಮಗನನ್ನು ಕೇಳುವ ಹಾಗೆ ಕೇಳಿದರು ವತ್ಸಮ್ಮ.

ನಾನು ಡಿಂಪಲ್‌ಳ ಮುಖ ನೋಡಿದೆ. "ಭಾನುವಾರದಿಂದ ಬೆಳಕು ಮಾತ್ರ ಗೊತ್ತಾಗುದು," ಎಂದಳು, ಮೆಲ್ಲ.

ಉಸ್ಮಾನ್ ಟೀವಿಯ ಹಿಂದೆ ಬಗ್ಗಿದ್ದವನು ತಲೆ ಎತ್ತಿದ. "ಇದಕ್ಕೆ ಪೆನ್‌ಡ್ರೈವ್ ಹಾಕ್ಲಿಕ್ಕೆ ಉಂಟಲ್ಲ ಮಾರಾಯ. ಮೊದಲ ದಿನವೇ ವಿಡಿಯೊ ಅದರಲ್ಲಿ ತಂದು ಚುಚ್ಚಿದ್ರೆ ಆಗ್ತಿತ್ತು. ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಡಿಂಪಲ್ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಗೊತ್ತಿತ್ತು. ಪೆನ್‌ಡ್ರೈವ್ ಯಾರು ಬೇಕಾದರೂ ಚುಚ್ಚುತ್ತಾರೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿತ್ತು?

"ಎಂತ ಹೇಳುದು ಅವ?" ವತ್ಸಮ್ಮ ಕಿವಿ ಕೊಟ್ಟರು.

"ನಾನು ತಡ ಮಾಡಿದೆ ಅಂತ," ಎಂದೆ.

"ಆಗ್ಲಿ, ತಡ ಆಗ್ತದೆ. ಕಷ್ಟದ ಕೆಲಸ ಅಲ್ವಾ?"

ನಾನು ಸೆಟ್ಟಿಂಗಿನಲ್ಲಿ ಸ್ವರವನ್ನು ಟೀವಿಗೆ ತಿರುಗಿಸಿದೆ. ಒಮ್ಮೆಲೇ ಪ್ರಾರ್ಥನೆಯ ಹಾಡು ಮನೆ ತುಂಬಿತು. ವತ್ಸಮ್ಮ ಎದ್ದು ನಿಂತರು.

"ಅವರ ಮುಖ ಬಂದಾಗ ನಿಲ್ಲಿಸು ಮೋನೆ."

ನಿಲ್ಲಿಸಿದೆ. ಡಿಂಪಲ್ ಅಮ್ಮನನ್ನು ಹತ್ತಿರ ಕರೆದೊಯ್ದು ಕೈಯನ್ನು ಗಾಜಿನ ಮೇಲಿಟ್ಟಳು.

"ಇಲ್ಲಿಯಾ?"

"ಸ್ವಲ್ಪ ಮೇಲೆ ಅಮ್ಮಚ್ಚಿ. ಹಾಂ, ಅದು ಹಣೆ."

ವತ್ಸಮ್ಮ ಬೆರಳಿದ್ದಲ್ಲಿಗೆ ತುಟಿ ಒತ್ತಿದರು. ಬಹಳ ಹೊತ್ತು ಹಾಗೆಯೇ ಇದ್ದರು.

"ಬಿಸಿ ಉಂಟಲ್ಲ ಮೋಳೆ," ಎಂದರು ಮಗಳಿಗೆ.

ಟೀವಿಯ ಬಿಸಿ ಎಂದು ಮೂವರಲ್ಲಿ ಯಾರೂ ಹೇಳಲಿಲ್ಲ. ನಾನು ವಿಡಿಯೊವನ್ನು ನಿಂತಲ್ಲೇ ಬಿಟ್ಟು ಮೌಸು ಹಿಡಿದು ಕೂತೆ. ಅವರು ಕೈ ತೆಗೆಯುವ ಮೊದಲು ಪೆಟ್ಟಿಗೆ ಮುಚ್ಚಲು ಬಿಡುವ ಹಾಗಿರಲಿಲ್ಲ.